ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಆಳಂದದ ಹೊಲದಲ್ಲಿ ಮದುವೆ: ಯಾವುದಕ್ಕೆ ಎಷ್ಟು ಹೆದರಬೇಕು?

ಪ್ರಶ್ನೆ: ಸರ್, ನಮ್ಮದು ಆಳಂದ ತಾಲೂಕಿನ ಹಳ್ಳಿ. ಮೇ ಮೂರನೇ ವಾರದಾಗ ಮಗಳ ಮದುವಿ ಅದ. ಮನಿ ಮುಂದಿನ ಹೊಲದಾಗೇ ಶಾಮಿಯಾನ ಹಾಕಿ ಮಧ್ಯಾಹ್ನ 12.30ಕ್ಕ ಅಕ್ಷತಾ, ಸಂಜಿ 6ಕ್ಕ ರಿಸೆಪ್ಷನ್ ಇಟ್ಟೀವಿ. ಈಗ ಬಂಗಾಳ ಕೊಲ್ಲಿಯಾಗ ವಾಯುಭಾರ ಕುಸಿತ ಆಗ್ತದ ಅಂತ ಟಿವಿಯಾಗ ಹೇಳ್ಲಕತ್ತಾರ. ವಾಟ್ಸ್ಯಾಪಿನಾಗ ಮೋಡದಿಂದ ನೆಲಕ್ಕ ಇಳಿದ ಸುಂಟರಗಾಳಿ ವಿಡಿಯೊ ಹಾಕಿ ‘ಕಲಬುರಗಿ, ಬೀದರಕ್ಕೂ ಟೊರ್ನಾಡೊ’ ಅಂತ ಹರಡ್ಯಾರ. ಹೋದ ವರ್ಷ ಇದೇ ದಿನಮಾನದಾಗ ಗಾಳಿ ಬಂದು ನಮ್ಮ ಕೊಟ್ಟಿಗಿ ಪತ್ರಾಸ್ ಹಾರಿ ಹೋಗಿದ್ವು. ಅದೂ ಟೊರ್ನಾಡೊನೇ ಇತ್ತೇನು? ಮೊಬೈಲ್ ಆ್ಯಪ್ ಮದುವಿ ದಿನ 70 ಪರ್ಸೆಂಟ್ ಮಳಿ ತೋರಸ್ತದ. ಎಷ್ಟು ದಿನ ಮುಂಚೆ ಖಾತ್ರಿ ಗೊತ್ತಾಗ್ತದ? ಕಲ್ಯಾಣ ಮಂಟಪಕ್ಕ ಬದಲಿ ಮಾಡೋಣೋ? ಮತ್ತ 40 ಕುರಿ ಅವ, ಸಿಡಿಲಿಗೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಕೊಲ್ಲಿಯ ವಾಯುಭಾರ ಕುಸಿತ, ಟೊರ್ನಾಡೊ, ಪತ್ರಾಸ್ (ಚಾವಣಿಯ ತಗಡು) ಕಿತ್ತ ಗಾಳಿ, ಆ್ಯಪಿನ 70 ಪರ್ಸೆಂಟ್ ನಾಲ್ಕೂ ಒಂದೇ ಗಂಟಾಗಿ ಕೂತಿವೆ. ಬಿಡಿಸಿ ನೋಡಿದರೆ ಮೂರನೆಯದೊಂದೇ ನಿಮ್ಮ ಮದುವೆಗೆ ನಿಜವಾದ ಅಪಾಯ. ಟೊರ್ನಾಡೊ ಚಿಂತೆ ಬಿಡಿ. ಸಂಜೆ ಅರ್ಧ ಗಂಟೆ ಬಂದು ಹೋಗುವ ಗಾಳಿಯ ಚಿಂತೆ ಮಾತ್ರ ಬಿಡಬೇಡಿ, ಮತ್ತು ಅದಕ್ಕೆ ಕೊಲ್ಲಿಯಲ್ಲಿ ಏನೂ ಆಗಬೇಕಾಗಿಲ್ಲ.

ಟಿವಿಯಲ್ಲಿ ‘ವಾಯುಭಾರ ಕುಸಿತ’ ಎಂದ ಕೂಡಲೇ ಚಂಡಮಾರುತ ಎಂದುಕೊಳ್ಳುವವರೇ ಹೆಚ್ಚು. ಹವಾಮಾನ ಇಲಾಖೆ ಇದನ್ನು ಗಾಳಿಯ ವೇಗದ ಮೇಲೆ ಮೆಟ್ಟಿಲುಮೆಟ್ಟಿಲಾಗಿ ವಿಂಗಡಿಸುತ್ತದೆ. ಗಾಳಿ ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 49 ಇದ್ದರೆ ಡಿಪ್ರೆಷನ್, 50ರಿಂದ 61 ಇದ್ದರೆ ಡೀಪ್ ಡಿಪ್ರೆಷನ್. 62 ಮುಟ್ಟಿದ ಮೇಲೆಯೇ ಚಂಡಮಾರುತ ಎಂದು ಹೆಸರಿಡುವುದು. ಈಗ ಇದನ್ನು ಇನ್ನೊಂದು ಲೆಕ್ಕದ ಪಕ್ಕ ಇಡಿ. ಗುಡುಗು ಮಳೆಯ ಗಾಳಿ 62ರಿಂದ 87 ಕಿ.ಮೀ. ಇದ್ದರೆ ಇಲಾಖೆ ಅದನ್ನು ‘ತೀವ್ರ’ ಎನ್ನುತ್ತದೆ, 87 ದಾಟಿದರೆ ‘ಅತಿ ತೀವ್ರ’. ಅಂದರೆ ಒಂದು ಡಿಪ್ರೆಷನ್ ನಿಮ್ಮ ತಲೆಯ ಮೇಲೆಯೇ ಹಾದುಹೋದರೂ ಅದರ ಗಾಳಿ, ಕೃತ್ತಿಕಾ ಮಳೆ ಹೊತ್ತಿನ ಒಂದು ಕೆಟ್ಟ ಮೋಡದ ಗಾಳಿಯಷ್ಟು ಇರುವುದಿಲ್ಲ.

ಆಳಂದದಿಂದ ಆಂಧ್ರದ ಕರಾವಳಿ ಹೆಚ್ಚುಕಡಿಮೆ 500 ಕಿ.ಮೀ. ಕೊಲ್ಲಿಯ ಕುಸಿತ ಅಷ್ಟು ದೂರದಿಂದ ನಿಮ್ಮ ಊರಿನ ಮೇಲೆ ಪರಿಣಾಮ ಬೀರಬೇಕಾದರೆ ಎರಡು ದಾರಿ. ಅದು ಸಮುದ್ರದಲ್ಲೇ ಉಳಿದು ಉತ್ತರಕ್ಕೆ, ಒಡಿಶಾ ಇಲ್ಲವೇ ಬಾಂಗ್ಲಾದೇಶದ ಕಡೆ ಹೋದರೆ ಅದರ ಪಶ್ಚಿಮ ಮಗ್ಗುಲಲ್ಲಿ ನಮ್ಮ ಕಡೆಗೆ ಉತ್ತರದ ಒಣಗಾಳಿ ಬೀಸುತ್ತದೆ. ಆಗ ಮಳೆ ಬರುವ ಬದಲು ಬಿಸಿಲೇ ಜೋರಾಗುವುದುಂಟು. ಟಿವಿಯಲ್ಲಿ ಚಂಡಮಾರುತ ತೋರಿಸುತ್ತಿರುವಾಗ ಕಲಬುರಗಿಯಲ್ಲಿ ಸೆಖೆ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ. ಇನ್ನೊಂದು ದಾರಿ, ಅದು ಆಂಧ್ರ ಕರಾವಳಿ ದಾಟಿ ತೆಲಂಗಾಣದ ಮೇಲಿಂದ ಪಶ್ಚಿಮಕ್ಕೆ ಬರುವುದು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ದಾಟಿದ ಡೀಪ್ ಡಿಪ್ರೆಷನ್ ಹೀಗೇ ಬಂತು. ಮೊದಲು ಹೈದರಾಬಾದ್ ಮುಳುಗಿತು, ಆಮೇಲೆ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಭೀಮಾ ತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಆದರೆ ನಮ್ಮ ಕಡೆ ಹಾನಿ ಮಾಡಿದ್ದು ಮಳೆ ಮತ್ತು ಹೊಳೆ. ನೆಲದ ಮೇಲೆ ಅಷ್ಟು ದೂರ ಬರುವಷ್ಟರಲ್ಲಿ ಇಂಥ ವ್ಯವಸ್ಥೆ ಗಾಳಿಯ ಬಲ ಕಳೆದುಕೊಂಡಿರುತ್ತದೆ.

ಇನ್ನು ಟೊರ್ನಾಡೊ. ಕಡಿಮೆ ಒತ್ತಡದ ವ್ಯವಸ್ಥೆಯಿಂದ ಟೊರ್ನಾಡೊ ಹುಟ್ಟುತ್ತದೆ ಎಂಬ ಮಾತು ಸುಳ್ಳೇನಲ್ಲ, ಆದರೆ ಅದು ಅಮೆರಿಕದ ಬಯಲಿನ ಮಾತು. ಅಲ್ಲಿ ವಸಂತದಲ್ಲಿ ಹಾದುಹೋಗುವ ಕಡಿಮೆ ಒತ್ತಡ ಉತ್ತರದ ತಣ್ಣನೆ ಗಾಳಿ, ಪಶ್ಚಿಮದ ಒಣಗಾಳಿ, ಮೆಕ್ಸಿಕೊ ಕೊಲ್ಲಿಯ ಹಸಿಗಾಳಿ ಮೂರನ್ನೂ ಒಂದೇ ಕಡೆ ಎಳೆದು ತರುತ್ತದೆ. ನಮ್ಮ ಕೊಲ್ಲಿಯ ಕುಸಿತ ಹುಟ್ಟುವುದು ಬೆಚ್ಚನೆ ಸಮುದ್ರದ ಮೇಲೆ, ಸುತ್ತಲೂ ಒಂದೇ ಬಗೆಯ ಹಸಿಗಾಳಿ. ಎರಡಕ್ಕೂ ಹೆಸರೊಂದೇ, ಒಳಗಿನ ಯಂತ್ರ ಬೇರೆ. ಉಷ್ಣವಲಯದ ಚಂಡಮಾರುತ ದಡ ಮುಟ್ಟಿದಾಗಲೂ ಟೊರ್ನಾಡೊ ಆಗುವುದುಂಟು. 2004ರ ‘ಐವನ್’ ಚಂಡಮಾರುತ ಅಮೆರಿಕದಲ್ಲಿ ನೂರಕ್ಕೂ ಹೆಚ್ಚನ್ನು ಹುಟ್ಟಿಸಿತು. ಆದರೆ ಅವು ಬಲವಾದ ಚಂಡಮಾರುತದ ಅಂಚಿನಲ್ಲಿ, ದಡ ದಾಟುವ ಹೊತ್ತಿನಲ್ಲಿ ಮತ್ತು ನಂತರದ ಒಂದೆರಡು ದಿನ ಆಗುವಂಥವು.

ಹಾಗೆಂದು ನಮ್ಮ ಉಪಖಂಡಕ್ಕೆ ಟೊರ್ನಾಡೊ ಗೊತ್ತೇ ಇಲ್ಲ ಎನ್ನಬೇಡಿ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕಗಂಜ್ ಭಾಗದಲ್ಲಿ ಸುಮಾರು 1,300 ಜನ ಸತ್ತದ್ದು ಟೊರ್ನಾಡೊದಿಂದ. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿಯಲ್ಲೂ ಆಯಿತು. ಗಂಗೆ, ಬ್ರಹ್ಮಪುತ್ರದ ಬಯಲು, ಒಡಿಶಾ, ಅಪರೂಪಕ್ಕೆ ಪಂಜಾಬ್ ಮತ್ತು ದಿಲ್ಲಿ ಇದರ ಸೀಮೆ. ದಖನ್ನಿನ ಒಳನಾಡಿನಲ್ಲಿ ಇದು ತೀರಾ ವಿರಳ, ಮತ್ತು ಯಾಕೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ನೆಲದ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯಲ್ಲಿನ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ, ಆ್ಯಪುಗಳಲ್ಲಿ ‘ಡ್ಯೂ ಪಾಯಿಂಟ್’ ಎಂದಿರುತ್ತದೆ) ಎಷ್ಟು ಡಿಗ್ರಿ ಅಂತರವಿದೆ ನೋಡಿ, ಅದನ್ನು 125ರಿಂದ ಗುಣಿಸಿ. ಮೋಡದ ತಳ ಎಷ್ಟು ಮೀಟರ್ ಮೇಲಿದೆ ಎಂಬುದು ಸುಮಾರಾಗಿ ಸಿಗುತ್ತದೆ. ಮೇ ಮಧ್ಯಾಹ್ನ ಕಲಬುರಗಿಯಲ್ಲಿ 41 ಡಿಗ್ರಿ ಬಿಸಿಲು, ಇಬ್ಬನಿ ಬಿಂದು 17 ಇದ್ದರೆ ಅಂತರ 24, ಮೋಡದ ತಳ 3,000 ಮೀಟರ್ ಎತ್ತರದಲ್ಲಿ. ಟೊರ್ನಾಡೊಗೆ ಬೇಕಾದದ್ದು ಒಂದು ಕಿ.ಮೀ.ಗಿಂತ ಕೆಳಗಿನ ತಳ, ಜೊತೆಗೆ ನೆಲದಿಂದ ಮೊದಲ ಒಂದು ಕಿ.ಮೀ.ಯೊಳಗೇ ದಿಕ್ಕು, ವೇಗ ಎರಡೂ ಜೋರಾಗಿ ಬದಲಾಗುವ ಗಾಳಿ. ಬೇಸಿಗೆಯಲ್ಲಿ ನಮ್ಮ ಮೋಡಕ್ಕೆ ಬಲ ಇದೆ, ತಳ ಮಾತ್ರ ಬಹಳ ಮೇಲೆ. ಕೊಲ್ಲಿಯ ಡಿಪ್ರೆಷನ್ ಬಂದ ದಿನ 26 ಡಿಗ್ರಿ, ಇಬ್ಬನಿ ಬಿಂದು 24. ತಳ 250 ಮೀಟರಿಗೆ ಇಳಿಯುತ್ತದೆ, ಆದರೆ ಬಿಸಿಲೇ ಇಲ್ಲದೆ ಮೋಡಕ್ಕೆ ಮೇಲೇಳುವ ಬಲ ಸಾಲದು. ಎರಡೂ ಒಟ್ಟಿಗೆ ಸೇರುವ ದಿನ ನಮ್ಮಲ್ಲಿ ಸಿಗುವುದು ಕಷ್ಟ.

ಪತ್ರಿಕೆಯಲ್ಲಿ ಬರುವ ‘ಮರಾಠವಾಡದ ಮೇಲೆ 1.5 ಕಿ.ಮೀ. ಎತ್ತರದವರೆಗೆ ಸುಳಿಗಾಳಿ’ ಎಂಬ ಸಾಲಿಗೂ ಹೆದರಬೇಡಿ. ಅದು ನೂರಾರು ಕಿ.ಮೀ. ಅಗಲದ, ನಿಧಾನವಾಗಿ ತಿರುಗುವ ಗಾಳಿಯ ಸುತ್ತು. ವರ್ಷದಲ್ಲಿ ಎಷ್ಟೋ ದಿನ ಇರುತ್ತದೆ. ಹೊಲದಲ್ಲಿ ಕಸ, ದೂಳು ಎತ್ತಿಕೊಂಡು ತಿರುಗುವ ಸುಳಿಯೂ ಟೊರ್ನಾಡೊ ಅಲ್ಲ. ಕಾದ ನೆಲದಿಂದ ಏಳುವ ಅದಕ್ಕೆ ಮೋಡವೇ ಬೇಡ.

ಹಾಗಾದರೆ ನಿಮ್ಮ ಪತ್ರಾಸ್ ಕಿತ್ತದ್ದು ಏನು? ಬಹುಮಟ್ಟಿಗೆ, ಮೋಡದಿಂದ ಕೆಳಕ್ಕೆ ಬಿದ್ದ ಗಾಳಿ. ಆ 3,000 ಮೀಟರ್ ಎತ್ತರದ ತಳದಿಂದ ಬೀಳುವ ಮಳೆ ದಾರಿಯಲ್ಲೇ ಒಣಗಾಳಿಯಲ್ಲಿ ಆವಿಯಾಗುತ್ತದೆ. ಆವಿಯಾಗುವಾಗ ಗಾಳಿಯ ಶಾಖ ಹೀರುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಧುಮುಕುತ್ತದೆ, ಎತ್ತರ ಹೆಚ್ಚಿದಷ್ಟೂ ಧುಮುಕುವ ವೇಗ ಹೆಚ್ಚು. ನೆಲಕ್ಕೆ ಅಪ್ಪಳಿಸಿದ ಮೇಲೆ, ಅಂಗಳಕ್ಕೆ ಕೊಡ ನೀರು ಸುರಿದಾಗ ಆಗುವಂತೆ, ಎಲ್ಲ ದಿಕ್ಕಿಗೂ ಚಿಮ್ಮುತ್ತದೆ. ಮಳೆ ಬರುವ ಮೊದಲೇ ದೂಳಿನ ಗೋಡೆ ಎದ್ದು, ಹತ್ತು ನಿಮಿಷದಲ್ಲಿ ಮೈ ತಣ್ಣಗಾಗುವುದು ಇದರಿಂದಲೇ. ಟೊರ್ನಾಡೊ ಆಗದಂತೆ ತಡೆಯುವ ಅದೇ ಒಣ ಹವೆ ಈ ಗಾಳಿಗೆ ಬಲ ಕೊಡುತ್ತದೆ.

ಗುರುತು ಹಿಡಿಯುವುದು ಸುಲಭ. ಬಿದ್ದ ಮರ, ಕಂಬ, ಹಾರಿದ ಪತ್ರಾಸ್ ಎಲ್ಲ ಒಂದೇ ದಿಕ್ಕಿಗೆ, ಅಥವಾ ಒಂದು ಜಾಗದಿಂದ ಹೊರಕ್ಕೆ ಬೀಸಣಿಗೆಯಂತೆ ಹರಡಿ ಬಿದ್ದಿದ್ದರೆ ಅದು ಇಳಿಗಾಳಿ. ಕೆಲವು ನೂರು ಮೀಟರ್ ಅಗಲದ, ಉದ್ದನೆಯ ಒಂದೇ ಪಟ್ಟಿಯಲ್ಲಿ ಹಾನಿಯಾಗಿ, ಪಟ್ಟಿಯ ಎರಡು ಬದಿಯ ಮರಗಳು ಒಳಕ್ಕೆ ಎದುರುಬದುರು ಬಿದ್ದು, ಕೊಂಬೆಗಳು ತಿರುಚಿದ್ದರೆ ಮಾತ್ರ ಟೊರ್ನಾಡೊ ಎಂದು ಶಂಕಿಸಬೇಕು. ನಿಮ್ಮ ಓಣಿಯ ಬೇವಿನ ಮರಗಳು ಹೋದ ವರ್ಷ ಯಾವ ಕಡೆ ಬಿದ್ದಿದ್ದವು ಎಂದು ನೆನಪಿಸಿಕೊಳ್ಳಿ.

ಮುನ್ಸೂಚನೆಗೆ ಬರೋಣ. ಐದಾರು ದಿನ ಮುಂಚೆ ಹೇಳಬಹುದಾದದ್ದು ಇಷ್ಟೇ: ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣಕ್ಕೆ ಕಡಿಮೆ ಒತ್ತಡದ ಪಟ್ಟಿ ಬೀಳುತ್ತದೋ ಇಲ್ಲವೋ. ಟಿವಿಯವರು ‘ಟ್ರಫ್’ ಎನ್ನುವುದು ಇದನ್ನೇ. ಈ ಪಟ್ಟಿಯ ಒಂದು ಮಗ್ಗುಲಲ್ಲಿ ಒಣಗಾಳಿ, ಇನ್ನೊಂದು ಮಗ್ಗುಲಲ್ಲಿ ಸಮುದ್ರದ ಹಸಿಗಾಳಿ. ಏಪ್ರಿಲ್, ಮೇ ತಿಂಗಳ ನಮ್ಮ ಗುಡುಗು ಮಳೆಯಲ್ಲಿ ಬಹುಪಾಲು ಈ ಗೆರೆಯ ಅಕ್ಕಪಕ್ಕವೇ ಹುಟ್ಟುತ್ತದೆ. ನಿಮ್ಮ ಕಣ್ಣು ಕೊಲ್ಲಿಗಿಂತ ಇದರ ಮೇಲಿರಲಿ. ಎರಡು ಮೂರು ದಿನ ಇರುವಾಗ ಜಿಲ್ಲಾವಾರು ಹಳದಿ, ಕಿತ್ತಳೆ ಬಣ್ಣಗಳಿಗೆ ಅರ್ಥ ಬರುತ್ತದೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಆದರೂ ಅದು ಇಡೀ ಕಲಬುರಗಿ ಜಿಲ್ಲೆಗೆ ಹೇಳಿದ ಮಾತು. ‘ಒಂದೆರಡು ಕಡೆಗಳಲ್ಲಿ’ ಎಂದು ಬರೆದಿದ್ದರೆ ಜಿಲ್ಲೆಯ ಮಳೆಮಾಪನ ಕೇಂದ್ರಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನ ಕಡೆ ಮಳೆ ಇಲ್ಲ ಎಂದರ್ಥ. ಚಿಂಚೋಳಿಗೆ ಹೊಡೆದು ಆಳಂದಕ್ಕೆ ಹನಿ ಬೀಳದಿದ್ದರೂ ಆ ಮುನ್ಸೂಚನೆ ಸರಿಯೇ.

ಆ್ಯಪಿನ 70 ಪರ್ಸೆಂಟನ್ನು ಹತ್ತು ದಿನ ಮುಂಚೆ ನೋಡುವುದೇ ದಂಡ. ಅನೇಕ ಆ್ಯಪುಗಳ ಹಿಂದಿರುವ ಜಾಗತಿಕ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಹತ್ತು ಹದಿನೈದು ಕಿ.ಮೀ. ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ನಿಮ್ಮ ಶಾಮಿಯಾನ ಹಾರಿಸುವ ಮೋಡದ ಅಗಲವೇ ಐದರಿಂದ ಹತ್ತು ಕಿ.ಮೀ. ಒಂದು ಚೌಕದೊಳಗೇ ಮುಗಿದುಹೋಗುವ ಮೋಡ ಮಾದರಿಗೆ ಕಾಣುವುದಿಲ್ಲ, ಅದು ಊಹೆಯಿಂದ ತುಂಬಿಸುತ್ತದೆ. 2025ರ ಮೇ ತಿಂಗಳಲ್ಲಿ ನಮ್ಮ ದೇಶ ಜಾರಿಗೆ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಎಂಬ ಮಾದರಿ 6 ಕಿ.ಮೀ. ಚೌಕದ್ದು. ಸುಧಾರಣೆ ಹೌದು, ಆದರೆ ಇಂಥ ಹೊಲದಲ್ಲಿ ಇಷ್ಟು ಗಂಟೆಗೆ ಎನ್ನಲು ಅದೂ ಸಾಲದು. ಅಲ್ಲದೆ ಆ ಶೇಕಡಾ ಮಳೆಯದ್ದು. ಹನಿ ಕಡಿಮೆ, ಗಾಳಿ ಜೋರು ಎಂಬ ಮೋಡ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಖಾತ್ರಿ ಎನ್ನುವುದು ಸಿಗುವುದು ಅದೇ ದಿನ, ಅದೂ ಒಂದು ಗಂಟೆ ಮುಂಚೆ. ಯಾಕೆಂದರೆ ಎದ್ದ ಮೋಡವನ್ನು ದೂರದಿಂದಲೇ ನೋಡುವುದು ರಾಡಾರ್. ನಿಮಗೆ ಉಪಯೋಗಕ್ಕೆ ಬರುವ ಡಾಪ್ಲರ್ ರಾಡಾರುಗಳಲ್ಲಿ ಒಂದು ಹೈದರಾಬಾದಿನಲ್ಲಿದೆ. ಅದರ ಕಿರಣ ನೇರ ಹೊರಡುತ್ತದೆ, ಕೆಳಗೆ ಭೂಮಿ ಬಾಗುತ್ತ ಹೋಗುತ್ತದೆ. ಅತಿ ಕೆಳಗಿನ, ಅರ್ಧ ಡಿಗ್ರಿ ಕೋನದ ಕಿರಣವೂ ಸುಮಾರು 113 ಕಿ.ಮೀ. ದೂರದ ಬೀದರಕ್ಕೆ ಬರುವಾಗ 1.7 ಕಿ.ಮೀ. ಮೇಲಿರುತ್ತದೆ, 160 ಕಿ.ಮೀ. ದೂರದ ಯಾದಗಿರಿಗೆ ಬರುವಾಗ 2.9 ಕಿ.ಮೀ., 175 ಕಿ.ಮೀ. ದೂರದ ಕಲಬುರಗಿ ನಗರಕ್ಕೆ ಬರುವಾಗ 3.3 ಕಿ.ಮೀ. ಆಳಂದ ಇನ್ನೂ ಪಶ್ಚಿಮಕ್ಕೆ. ಮೋಡದ ಹೊಟ್ಟೆಯಲ್ಲಿ ಎಷ್ಟು ನೀರು, ಆಲಿಕಲ್ಲು ಇದೆ ಎಂಬುದು ಈ ರಾಡಾರಿಗೆ ಚೆನ್ನಾಗಿ ಕಾಣುತ್ತದೆ. ಮೋಡದ ಕೆಳಗೆ, ನೆಲದ ಹತ್ತಿರ ಗಾಳಿ ಏನು ಮಾಡುತ್ತಿದೆ ಎಂಬುದು ಕಾಣುವುದಿಲ್ಲ. ಹತ್ತಿರದಲ್ಲೇ ರಾಡಾರುಗಳಿರುವ ಅಮೆರಿಕದಲ್ಲೂ ಟೊರ್ನಾಡೊ ಎಚ್ಚರಿಕೆ ಸಿಗುವುದು ಸರಾಸರಿ ಹತ್ತು ಹದಿನೈದು ನಿಮಿಷ ಮುಂಚೆ. ಹೀಗಿರುವಾಗ ನಾಲ್ಕು ದಿನ ಮೊದಲೇ ‘ಕಲಬುರಗಿಗೆ ಟೊರ್ನಾಡೊ’ ಎಂದು ಹೇಳಿದವರಿಗೆ ಅದು ಎಲ್ಲಿಂದ ಗೊತ್ತಾಯಿತು ಎಂದು ಕೇಳಿ.

ಮದುವೆ ದಿನ ಹೀಗೆ ಮಾಡಿ. ಬೆಳಿಗ್ಗೆ ಎಂಟರ ಹೊತ್ತಿಗೆ ಇಬ್ಬನಿ ಬಿಂದು ನೋಡಿ. ನನ್ನ ಅಂದಾಜಿನ ಗೆರೆ: 15ರ ಕೆಳಗಿದ್ದರೆ ಸಂಜೆ ಮೋಡ ಕಟ್ಟುವುದು ಕಷ್ಟ, 20 ದಾಟಿದ್ದರೆ ದಿನವಿಡೀ ಹುಷಾರು. ಮಧ್ಯಾಹ್ನ ಒಂದಕ್ಕೆ ಹೂಕೋಸಿನಂತೆ ಅಂಚು ಚೂಪಾದ ಗೋಪುರ ಮೋಡಗಳು ಏಳುತ್ತಿವೆಯೇ ನೋಡಿ. ಅಂಚು ಹಿಂಜಿದ ಹತ್ತಿಯಂತಾಗಿ ನೆತ್ತಿ ಚಪ್ಪಟೆಯಾಗಿ ಹರಡಿದರೆ ಆ ಮೋಡ ಬಲಿತು ಸುರಿಯಲು ಶುರುಮಾಡಿದೆ ಎಂದರ್ಥ. ಎರಡರಿಂದ ಇಲಾಖೆಯ ಮೂರು ಗಂಟೆಯ ತಕ್ಷಣದ ಮುನ್ಸೂಚನೆ ಮತ್ತು ‘ದಾಮಿನಿ’ ಆ್ಯಪ್ ನೋಡುವ ಕೆಲಸವನ್ನು ಊಟ ಬಡಿಸುವ ಹೊಣೆಯಿಲ್ಲದ ಒಬ್ಬ ಹುಡುಗನಿಗೆ ಒಪ್ಪಿಸಿ. ದಾಮಿನಿ ನಿಮ್ಮ ಸುತ್ತ 20 ಮತ್ತು 40 ಕಿ.ಮೀ. ಒಳಗೆ ಬಿದ್ದ ಮಿಂಚು ತೋರಿಸುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಮೂರು ಸಲ ನೋಡಿದರೆ ಯಾವ ದಿಕ್ಕಿಗೆ ಸರಿಯುತ್ತಿದೆ ಎಂದು ತಿಳಿಯುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ರಾಜ್ಯದ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ಹೋಬಳಿ ಹೆಸರು ಹೇಳಿ, ಹಗಲು ರಾತ್ರಿ ಉತ್ತರಿಸುತ್ತಾರೆ. ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡಿಗಿಂತ ಕಡಿಮೆ ಎಂದರೆ ಮೋಡ 10 ಕಿ.ಮೀ. ಒಳಗಿದೆ. ಆಗ ಚರ್ಚೆ ಬೇಡ, ಜನ ಒಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಬೇಕು.

ಮಂಟಪವೋ, ಹೊಲವೋ? ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರ ನಡುವಿನದ್ದು. ನೀವು ರಿಸೆಪ್ಷನ್ ಇಟ್ಟಿರುವುದು ಸರಿಯಾಗಿ ಅದರ ನಡುವೆ. ಅಕ್ಷತಾ ಹೊಲದಲ್ಲೇ ಇರಲಿ, ರಿಸೆಪ್ಷನ್ನನ್ನೂ ಬೆಳಿಗ್ಗೆ 11ಕ್ಕೆ ತಂದು ಊಟ ಎರಡೂವರೆಗೆ ಮುಗಿಸಿ ಎನ್ನುವುದು ನನ್ನ ಸಲಹೆ. ಬಿಸಿಲಿಗೆ ಜನ ಬೈಯಬಹುದು, ಫ್ಯಾನು, ಕೂಲರು, ಮಜ್ಜಿಗೆ ಇಟ್ಟರಾಯಿತು. ಸಂಜೆಯೇ ಬೇಕೆಂದರೆ ಎಲ್ಲರೂ ಐದು ನಿಮಿಷದಲ್ಲಿ ನಡೆದು ಸೇರುವಷ್ಟು ಹತ್ತಿರ ಒಂದು ಪಕ್ಕಾ ಕಟ್ಟಡ ಇರಲೇಬೇಕು. ಸರ್ಕಾರಿ ಶಾಲೆಗೆ ಆಗ ರಜೆ ಇರುತ್ತದೆ. ಮುಖ್ಯಗುರುಗಳಿಗೂ ಎಸ್‌ಡಿಎಂಸಿಯವರಿಗೂ ಮೊದಲೇ ಹೇಳಿ ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಂಥ ಕಟ್ಟಡ ಇಲ್ಲದಿದ್ದರೆ ಮಂಟಪಕ್ಕೇ ಬದಲಿಸಿ. ಒಂದು ಸಂದರ್ಭದಲ್ಲಿ ಮಾತ್ರ ಬೆಳಗಿನ ಯೋಜನೆಯೂ ಕೆಡುತ್ತದೆ: ಕೊಲ್ಲಿಯ ವ್ಯವಸ್ಥೆ ಆಂಧ್ರ ದಾಟಿ ತೆಲಂಗಾಣದ ಕಡೆ ಬರುತ್ತದೆ ಎಂದು ಎರಡು ದಿನ ಮುಂಚೆ ಖಚಿತವಾದರೆ. ಆ ಮಳೆಗೆ ಸಂಜೆ, ಬೆಳಿಗ್ಗೆ ಎಂಬುದಿಲ್ಲ, ಮತ್ತು ಎರೆ ಹೊಲದಲ್ಲಿ ಒಂದು ಗಂಟೆ ಮಳೆ ಬಿದ್ದರೆ ನೆಂಟರ ಗಾಡಿ ಒಂದೂ ಹೊರಬರುವುದಿಲ್ಲ. ಅದಕ್ಕೆ ಈಗಲೇ ಮಂಟಪದವರ ಬಳಿ ಆ ದಿನ ಖಾಲಿ ಇದೆಯೇ ಎಂದು ಕೇಳಿಡಿ.

ಶಾಮಿಯಾನದ ಲೆಕ್ಕ ಕೇಳಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ. 60 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 17 ಕೆ.ಜಿ. ತಳ್ಳಿದರೆ 90 ಕಿ.ಮೀ. ಗಾಳಿ 38 ಕೆ.ಜಿ. ತಳ್ಳುತ್ತದೆ. 15 ಅಡಿ ಚೌಕದ ಒಂದು ಅಂಕಣ 21 ಚದರ ಮೀಟರ್. 60ರ ಗಾಳಿಗೇ ಅದರ ಮೇಲೆ 350 ಕೆ.ಜಿ. ಆಸುಪಾಸಿನ ಎಳೆತ ಬೀಳಬಹುದು. ಇನ್ನೊಂದು ತೊಂದರೆ ನೆಲದ್ದು. ಮೇ ತಿಂಗಳ ಎರೆಭೂಮಿ ಬಿರುಕು ಬಿಟ್ಟಿರುತ್ತದೆ. ಬಿರುಕಿನ ಬದಿಗೆ ಹೊಡೆದ ಗೂಟಕ್ಕೆ ಹಿಡಿತವಿಲ್ಲ, ಮೊದಲ ಮಳೆಗೆ ಮೇಲ್ಮಣ್ಣು ಲೊಳಲೊಳ ಆಗಿ ಇನ್ನಷ್ಟು ಸಡಿಲ. ಮೂಲೆಗೊಂದು ನೀರು ತುಂಬಿದ 200 ಲೀಟರ್ ಡ್ರಮ್ ಇಟ್ಟು ಹಗ್ಗವನ್ನು ಅದರ ಬುಡಕ್ಕೆ ಕಟ್ಟಿಸಿ. ವಿದ್ಯುತ್ ಕಂಬಕ್ಕೆ ಯಾರೂ ಕಟ್ಟದಂತೆ ನೋಡಿಕೊಳ್ಳಿ. ಸುತ್ತಲಿನ ಪರದೆ ಬಿಚ್ಚಿ ಗಾಳಿ ಹಾಯಲು ಬಿಡಿ, ಮುಚ್ಚಿದಷ್ಟೂ ಎತ್ತುವ ಬಲ ಹೆಚ್ಚು. ಮೊದಲು ಬೀಳುವುದು ಫ್ಲೆಕ್ಸ್ ಕಟ್ಟಿದ ಸ್ವಾಗತ ಕಮಾನು, ಅದನ್ನು ಮಧ್ಯಾಹ್ನವೇ ಇಳಿಸಿ. ಗುಡುಗು ಹತ್ತಿರ ಬಂದಾಗ ಒಲೆಗಳ ಸಿಲಿಂಡರ್ ಬಂದ್, ಜನರೇಟರ್ ಬಂದ್. ಇಷ್ಟೆಲ್ಲ ಮಾಡಿದರೂ ಶಾಮಿಯಾನದೊಳಗೆ ಜನ ನಿಲ್ಲಬಾರದು. ಡ್ರಮ್ಮು, ಹಗ್ಗ ಬಟ್ಟೆ ಉಳಿಸಲು, ಜನರನ್ನು ಉಳಿಸುವುದು ಶಾಲೆಯ ಗೋಡೆ.

ಕೊಟ್ಟಿಗೆ ಪತ್ರಾಸಿನ ಮೇಲೆ ಕಲ್ಲು ಹೇರುವ ರೂಢಿ ಬಿಡಿ. 10 ಅಡಿಗೆ 3 ಅಡಿಯ ಒಂದು ತಗಡಿಗೆ 90ರ ಗಾಳಿಯಲ್ಲಿ ನೂರು ಕೆ.ಜಿ.ಗೂ ಮಿಕ್ಕ ಎಳೆತ. ನೀವಿಟ್ಟ ನಾಲ್ಕು ಕಲ್ಲು ಅದನ್ನು ತಡೆಯುವುದಿಲ್ಲ, ಅದರ ಜೊತೆ ಹಾರಿ ಯಾರದೋ ತಲೆ ಒಡೆಯುತ್ತವೆ. ಗಾಳಿ ಮೊದಲು ಕೀಳುವುದು ಅಂಚು ಮತ್ತು ಮೂಲೆ. ಅಲ್ಲಿ ಒಂದು ಬಿಟ್ಟು ಒಂದು ಉಬ್ಬಿಗೆ ಅಗಲ ವಾಷರಿನ ಹುಕ್ ಬೋಲ್ಟ್ ಹಾಕಿಸಿ, ಅಡ್ಡಪಟ್ಟಿಯನ್ನು ಕಂಬಕ್ಕೆ ಕಬ್ಬಿಣದ ಪಟ್ಟಿಯಿಂದ ಬಿಗಿಸಿ. ಬೋಲ್ಟ್ ಗಟ್ಟಿಯಿದ್ದು ಪಟ್ಟಿ ಸಡಿಲವಿದ್ದರೆ ಇಡೀ ಚಾವಣಿಯೇ ಒಟ್ಟಿಗೆ ಏಳುತ್ತದೆ. ಗಾಳಿಗೆ ಹಳೆಯ ಹಾಸುಗಲ್ಲಿನ ಮಾಳಿಗೆ ಮನೆಯ ಒಳಕೋಣೆ ಸುರಕ್ಷಿತ, ಆದರೆ ಮೂರ್ನಾಲ್ಕು ದಿನ ಬಿಡದೆ ಮಳೆ ಹಿಡಿದು ಮಣ್ಣಿನ ಗೋಡೆ ನೆನೆದಿದ್ದರೆ ಅದೇ ಕೋಣೆ ಅಪಾಯ. ಬಿರುಗಾಳಿಗೆ ಕಿಟಕಿ ತೆರೆದಿಟ್ಟರೆ ಒತ್ತಡ ಸಮವಾಗಿ ಮನೆ ಉಳಿಯುತ್ತದೆ ಎಂಬುದು ಸುಳ್ಳು. ಒಳಹೊಕ್ಕ ಗಾಳಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಮುಚ್ಚಿ ಚಿಲಕ ಹಾಕಿ.

ಸಿಡಿಲು ಕೊನೆಗೆ ಬಂತು, ಆದರೆ ಜೀವ ಹೆಚ್ಚು ತೆಗೆಯುವುದು ಇದೇ. ಈಚಿನ ವರ್ಷಗಳಲ್ಲಿ ದೇಶದಲ್ಲಿ ವರ್ಷಕ್ಕೆ 2,800ರ ಆಸುಪಾಸು ಜನ ಸಿಡಿಲಿಗೆ ಸಾಯುತ್ತಿದ್ದಾರೆ. ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಬಯಲಿನ ಒಂಟಿ ಮರದ ಕೆಳಗೆ ನಿಲ್ಲುವುದು ನಿಜವಾದ ಅಪಾಯ. ಕುರಿಗಳು ಹಿಂಡುಗಟ್ಟಲೆ ಸಾಯುವುದು ಸಿಡಿಲು ಒಂದೊಂದಕ್ಕೂ ಬಡಿದು ಅಲ್ಲ. ಮರದಿಂದ ಇಳಿದ ವಿದ್ಯುತ್ತು ನೆಲದಲ್ಲಿ ಹರಿಯುವಾಗ ಮುಂಗಾಲಿಗೂ ಹಿಂಗಾಲಿಗೂ ನಡುವೆ ವೋಲ್ಟೇಜ್ ಅಂತರ ಬಿದ್ದು, ಎದೆಯ ಮೂಲಕವೇ ಕರೆಂಟ್ ಹಾಯುತ್ತದೆ. ಮೋಡ ಕಟ್ಟಿದ ದಿನ ಕುರಿಗಳನ್ನು ಮೂರರೊಳಗೆ ದೊಡ್ಡಿಗೆ ತನ್ನಿ. ದೊಡ್ಡಿ ಬೇವಿನ ಬುಡದಲ್ಲಿ ಇರಬಾರದು, ಉದ್ದನೆಯ ತಂತಿಬೇಲಿಗೆ ಒರಗಿರಬಾರದು. ಹೊಲದಲ್ಲೇ ಸಿಕ್ಕಿಬಿದ್ದರೆ ಮರದಿಂದ ದೂರದ ತಗ್ಗಿನಲ್ಲಿ, ನೀರು ನಿಲ್ಲದ ಕಡೆ ಚದುರಿಸಿ ಬಿಡಿ. ಕುರಿ ಕಾಯುವವನು ಅವುಗಳ ನಡುವೆ ನಿಲ್ಲದೆ ಲೋಹದ ಚಾವಣಿಯ ಕಾರು, ಜೀಪು ಅಥವಾ ಪಕ್ಕಾ ಮನೆ ಸೇರಲಿ. ಟ್ರ್ಯಾಕ್ಟರ್ ಆಗದು. ಏನೂ ಸಿಗದಿದ್ದರೆ ಎರಡೂ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಲಿ, ಮಲಗಬಾರದು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಮುಟ್ಟಲು ಅಂಜಬೇಡಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಆಂಬುಲೆನ್ಸ್ ಬರುವವರೆಗೂ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಿರಿ.